ಚಾಡಿ ಎಂದರೆ ಹಾರು

ನಾನು ಕನ್ನಡ ಕಲಿತದ್ದು ಅಜ್ಜಿಯಿಂದ. ಶಾಲೆಯಲ್ಲಿ ಕಲಿತದ್ದು ಅದನ್ನು ಬರೆಯಲು ಮಾತ್ರ. ಪೈವಳಿಕೆಯ ನಮ್ಮ ಜಗಲಿಯಲ್ಲಿ ಅವರಿಂದ ನಾನು ಅತಿ ಹೆಚ್ಚು ಸಲ ಕೇಳಿಸಿಕೊಂಡ ಮಾತು, "ಚಾಡಿ ಹೇಳ್ಬೇಡ ಮಗಾ, ನಾಲಗೆಗೆ ಹುಳ ಬೀಳ್ತದೆ." ಅವರು ಹೋಗಿ ಎಷ್ಟೋ ವರ್ಷಗಳಾದ ಮೇಲೆ ಆ ಮಾತು ನನ್ನ ಕಣಕಾಲಿಗೆ ಪೆಟ್ಟು ಕೊಡಿಸೀತೆಂದು ಯಾರು ಎಣಿಸಿದ್ದರು?

ಮೊಗ್ರಾಲಿನ ಕಳರಿಗೆ, ಅಂದರೆ ಕಳರಿಪಯಟ್ಟಿನ ಗರಡಿಗೆ, ನಾನು ಹೋದದ್ದು ಬೆನ್ನುನೋವಿಗೆ ಎಣ್ಣೆ ತಿಕ್ಕಿಸಿಕೊಳ್ಳಲು. ಅಲ್ಲಿ ಕಲಿಸುವ ಗುರುಕ್ಕಳು ಬೆನ್ನು ತಿಕ್ಕಿದವರೇ, ಶಾಲೆಯ ಕುರ್ಚಿ ನಿಮ್ಮನ್ನು ತಿನ್ನುತ್ತಿದೆ, ಬೆಳಿಗ್ಗೆ ಅಭ್ಯಾಸಕ್ಕೆ ಬನ್ನಿ ಎಂದರು. ಎರಡು ವರ್ಷ ಕಾಲೆತ್ತಿ ಕಾಲಿಳಿಸಿದ ಮೇಲೆ ಉದ್ದ ಬೆತ್ತ ಕೈಗೆ ಬಂತು, ಎದುರಿಗೊಬ್ಬರು ಜೋಡಿಯೂ ಸಿಕ್ಕಿದರು. ಮಂಜೇಶ್ವರದಿಂದ ಬರುವ ನರ್ಸ್, ಕೊಂಕಣಿ ಮನೆಮಾತಿನವರು. ಬಾಯಮ್ಮ ಎಂದು ನಾನು ಕರೆಯುವುದು, ಮಾಷ್ಟ್ರೇ ಎಂದು ಅವರು.

ಬೆತ್ತ ಬೀಸುವಾಗ ಗುರುಕ್ಕಳು ಒಂದೊಂದು ಹೆಜ್ಜೆಯನ್ನೂ ಮಲಯಾಳದಲ್ಲಿ ಕೂಗಿ ಹೇಳುತ್ತಾರೆ. ಬಾಯಮ್ಮನ ಬೆತ್ತ ನನ್ನ ಕಣಕಾಲಿನತ್ತ ಬರುವ ಹೊತ್ತಿಗೆ ಅವರು ಹೇಳುವ ಪದ 'ಚಾಡಿ'. ಹಾರಿ ಎಂದು ಅರ್ಥ. ಮಲಯಾಳ ನನಗೆ ಬಾರದ್ದೇನಲ್ಲ. ಮೀನು ಕೊಳ್ಳುವುದು, ಪಂಚಾಯತಿಗೆ ಅರ್ಜಿ ಕೊಡುವುದು ಎಲ್ಲ ಅದರಲ್ಲೇ. ಆದರೂ ಆ ಪದ ಕಿವಿಗೆ ಬಿದ್ದದ್ದೇ ತಲೆಯೊಳಗೆ ಅಜ್ಜಿ ಎದ್ದು ಕೂತು ಬೆರಳು ಆಡಿಸುತ್ತಿದ್ದರು. ಅಲ್ಲ ಅಜ್ಜೀ, ಇದು ಆ ಚಾಡಿ ಅಲ್ಲ, ಹಾರುವ ಚಾಡಿ ಎಂದು ಸಮಾಧಾನ ಹೇಳಿ ಕಾಲೆತ್ತುವಷ್ಟರಲ್ಲಿ ಟಪ್.

ನಾಲ್ಕಾರು ಪೆಟ್ಟು ಬಿದ್ದ ಮೇಲೆ ಬಾಯಮ್ಮ ಹೆದರಿ ಬೀಸನ್ನು ಅರ್ಧದಲ್ಲೇ ಹಿಡಿಯತೊಡಗಿದರು. ಗುರುಕ್ಕಳ ಕಣ್ಣಿಗೆ ಅದು ಬಿತ್ತು. ನಿಮ್ಮಿಂದ ಅವರ ಕೈ ಕೆಡುತ್ತಿದೆ, ಶನಿವಾರದವರೆಗೆ ನೋಡುತ್ತೇನೆ, ಆಗದಿದ್ದರೆ ಅವರಿಗೆ ಬೇರೆ ಜೋಡಿ, ನೀವು ವಾಪಸು ಕಾಲೆತ್ತುವ ಸಾಲಿಗೆ ಎಂದರು.

ಆ ವಾರ ನಾನು ನೆಟ್ಟಗೆ ಕೂತದ್ದಿಲ್ಲ. ದೋಸೆಗೆ ಕಾಯುತ್ತ ಅಡುಗೆಮನೆಯಲ್ಲೇ ಚಾಡಿ, ಚಾಡಿ ಎಂದು ಹಾರಿದೆ. ಎಂತ, ಇರುವೆ ಕಚ್ಚಿತಾ ಎಂದು ಹೆಂಡತಿ ಕೇಳಿದಳು. ತಾನೇ ಹೇಳಿ ತಾನೇ ಹಾರುವುದು ಸುಲಭ, ಪದ ಯಾವಾಗ ಬರುತ್ತದೆಂದು ಮೊದಲೇ ಗೊತ್ತಿರುತ್ತದಲ್ಲ. ಶುಕ್ರವಾರ ಬಸ್ಸಿಗೆ ಕಾಯುವಾಗ ತಡೆಯಲಾರದೆ ಬಾಯಮ್ಮನಿಗೆ ಅಜ್ಜಿಯ ವಿಷಯ ಹೇಳಿಬಿಟ್ಟೆ. ಗುರುಕ್ಕಳಿಗೆ ಮಾತ್ರ ಹೇಳಬೇಡಿ ಎಂದೆ.

ಶನಿವಾರ ಗುರುಕ್ಕಳು ಸುಮ್ಮನೆ ಕೈಕಟ್ಟಿ ನಿಂತರು. ಕೂಗು ಇಲ್ಲ, ಬೆತ್ತಕ್ಕೆ ಬೆತ್ತ ತಾಗುವ ಸದ್ದು ಮಾತ್ರ. ನಾನು ಪದಕ್ಕೆ ಕಾಯುತ್ತಲೇ ಇದ್ದೆ. ಅದು ಬರುವ ಮೊದಲೇ ಕಾಲಡಿಯಲ್ಲಿ ಏನೋ ಸುಯ್ಯೆಂದು ಹೋಯಿತು, ನೋಡಿದರೆ ನಾನು ಮೇಲಿದ್ದೇನೆ. ಎತ್ತಿದವರು ಯಾರೋ. ನೆಲಕ್ಕಿಳಿದು, ಹಾರಿದೆನಲ್ಲ ಎಂದುಕೊಳ್ಳುವಷ್ಟರಲ್ಲಿ ಮರುಬೀಸು ಬಂದು ಅದೇ ಕಾಲಿಗೆ ಬಿತ್ತು.

ಗುರುಕ್ಕಳು ತಮ್ಮ ಹರಕು ಕನ್ನಡದಲ್ಲಿ ಹೇಳಿದರು, "ಮೊದಲಿನದ್ದು ಕಾಲು ಮಾಡಿದ್ದು ಮಾಷೇ. ಎರಡನೇದಕ್ಕೆ ಮಾಷ್ ಬಂದ್ರು."

ಜೋಡಿ ಹಾಗೇ ಇರಲಿ ಎಂದರು. ನಾಳೆಯಿಂದ ಪದ ಮತ್ತೆ ಹೇಳುತ್ತೇನೆ, ಅಜ್ಜಿಗೂ ಒಂದು ಮಾತು ತಿಳಿಸಿ ಬನ್ನಿ ಎಂದೂ ಸೇರಿಸಿದರು.

ನಾನು ಬಾಯಮ್ಮನ ಮುಖ ನೋಡಿದೆ. ಅವರು ಬೆತ್ತ ಒರಸುತ್ತಿದ್ದರು.

"ನಾನು ಚಾಡಿ ಹೇಳ್ಲಿಲ್ಲ ಮಾಷ್ಟ್ರೇ. ಒಳಗೆ ಒಬ್ರು ಅಜ್ಜಿ ಉಂಟು ಅಂತ ಹೇಳಿದ್ದು, ಅಷ್ಟೆ."

ಬಸ್ಸಿನಲ್ಲಿ ಸೀಟು ಇತ್ತು, ಕೂರಲಿಲ್ಲ. ನಾಳೆ ಆ ಪದ ಮತ್ತೆ ಬರುತ್ತದೆ. ಅಜ್ಜಿಗೆ ಏಳಬೇಡಿ ಎನ್ನಲು ಬಾಯಿ ಬಾರದು, ನನ್ನ ಬಾಯಲ್ಲಿರುವ ಮಾತೆಲ್ಲ ಅವರದ್ದೇ. ಯೋಚಿಸಬಾರದು ಎಂದು ಯೋಚಿಸುತ್ತ, ಕುಂಬಳೆ ದಾಟಿದ ಮೇಲೂ ಪೆಟ್ಟು ಬಿದ್ದ ಕಾಲಿನಿಂದ ಬೀಳದ ಕಾಲಿಗೆ ಭಾರ ಬದಲಿಸುತ್ತಲೇ ನಿಂತಿದ್ದೆ.