ಹನ್ನೊಂದು ಬಾಗಿಲುಗಳ ಉಳಿತಾಯ

ಹಳೆ ಬಾಗಲಕೋಟೆಯ ನಮ್ಮ ಓಣಿ ಆಣೆಕಟ್ಟಿನ ಹಿನ್ನೀರಿಗೆ ಹೋಗುವುದು ಖಾತ್ರಿಯಾದಾಗ ಅಕ್ಕಪಕ್ಕದವರು ಕಟ್ಟೆಯ ಮೇಲೆ ಕೂತು ಅತ್ತರು. ನಾನು ಒಳಗೆ ಹೋಗಿ ಬಾಗಿಲು ಎಣಿಸಿದೆ. ಹನ್ನೊಂದಿದ್ದವು. ಎಲ್ಲವೂ ಅಜ್ಜನ ಕಾಲದ ಸಾಗವಾನಿ. ಒಂದೊಂದನ್ನು ಎತ್ತಲು ನಾಲ್ಕು ಆಳು ಬೇಕು. ಹೊಸ ಮನೆಗೆ ಬಾಗಿಲಿನ ಖರ್ಚು ಉಳಿಯಿತು ಎಂದು ನನಗೆ ಒಳಗೊಳಗೇ ಹಿಗ್ಗಾಯಿತು.

ನಾನಾಗ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಊರಿನವರು ನನ್ನನ್ನು ಜಿಪುಣ ಎನ್ನುತ್ತಿದ್ದರು, ನಾನು ಅದಕ್ಕೆ ಶಿಸ್ತು ಎನ್ನುತ್ತಿದ್ದೆ. ಬಂದ ಲಕೋಟೆಗಳನ್ನು ಬಿಚ್ಚಿ ಒಳಮೈಯಲ್ಲಿ ಲೆಕ್ಕ ಬಿಡಿಸುತ್ತಿದ್ದೆ. ಸವೆದ ಸಾಬೂನಿನ ಚೂರನ್ನು ಹೊಸ ಸಾಬೂನಿನ ಬೆನ್ನಿಗೆ ಅಂಟಿಸುತ್ತಿದ್ದೆ. ಮಕ್ಕಳಿಗೆ ಬಡ್ಡಿಯ ಲೆಕ್ಕ ಕಲಿಸುವಾಗ ಉಳಿತಾಯದ ಮೇಲೆ ಹತ್ತು ನಿಮಿಷ ಭಾಷಣವೂ ಇರುತ್ತಿತ್ತು.

ನಮ್ಮದೇ ಓಣಿಯಲ್ಲಿ, ನಮ್ಮದೇ ಶಾಲೆಯ ಚಿತ್ರಕಲಾ ಮಾಸ್ತರ ಇದ್ದ. ಅವನ ಕೈ ಭಾಳ ಸಡಿಲ ಎಂಬುದು ನನ್ನ ಅಭಿಪ್ರಾಯ. ದಿನಾ ಹೋಟೆಲಿನಲ್ಲಿ ಚಹಾ ಕುಡಿದು ಇನ್ನಿಬ್ಬರ ಚಹಾದ ದುಡ್ಡನ್ನೂ ಕೊಡುತ್ತಿದ್ದ. ಹುನಗುಂದದ ಕಡೆ ಹೋದರೆ ಅಮೀನಗಡದಲ್ಲಿ ಬಸ್ಸಿಳಿದು ಕರದಂಟು ಕೊಂಡು ತಂದು ಸ್ಟಾಫ್ ರೂಮಿನಲ್ಲಿ ಹಂಚುತ್ತಿದ್ದ. ನಾನು ಎರಡು ತುಂಡು ತಿಂದು ಅವನ ಮುಂದಿನ ಗತಿಯ ಬಗ್ಗೆ ಮರುಗುತ್ತಿದ್ದೆ.

ಇಬ್ಬರಿಗೂ ಪರಿಹಾರದ ಹಣ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಂತು, ನವನಗರದಲ್ಲಿ ಪ್ಲಾಟೂ ಸಿಕ್ಕಿತು. ಅವನು ಮರುವಾರವೇ ತನ್ನ ಮನೆಯ ಬಾಗಿಲು, ತೊಲೆ, ಜಂತಿ ಎಲ್ಲವನ್ನೂ ಹಳೆ ಕಟ್ಟಿಗೆಯ ವ್ಯಾಪಾರಿಗೆ ಮಾರಿದ. ಸಂಜೆ ನಮ್ಮ ಮನೆಗೆ ಬಂದು ಹೇಳಿದ:

"ಸರ, ಅಂವಾ ನಾಳೆ ಮತ್ತ ಬರ್ತಾನ್ರಿ. ನಿಮ್ಮವೂ ಕೊಟ್ಟಬಿಡ್ರಿ."

"ಇಂಥಾ ಕಟ್ಟಿಗಿ ಈಗ ಎಲ್ಲಿ ಸಿಗತೈತ್ರಿ?"

"ಸಿಗೂದಿಲ್ರಿ. ಅದಕ್ಕ ಅಂವಾ ಚಲೋ ರೊಕ್ಕ ಕೊಡಾಕತ್ತಾನ."

ನಾನು ನಕ್ಕೆ. ಸಡಿಲ ಕೈಯವನಿಗೆ ಬೆಲೆ ಬಾಳುವ ವಸ್ತುವಿನ ಕಿಮ್ಮತ್ತು ಹೇಗೆ ತಿಳಿಯಬೇಕು?

ಬಾಗಿಲುಗಳನ್ನು ಚೌಕಟ್ಟು ಸಮೇತ ಕೀಳಿಸಿದೆ. ಇಡಲು ಜಾಗ ಬೇಕಾಯಿತು. ಊರಿಗೆ ಊರೇ ಸಾಮಾನು ಸಾಗಿಸುತ್ತಿದ್ದ ಕಾಲ, ಬಾಗಲಕೋಟೆಯಲ್ಲಿ ಒಂದು ಕೋಣೆಯ ಬಾಡಿಗೆಯೂ ಏರಿತ್ತು. ಗುಳೇದಗುಡ್ಡದಲ್ಲಿ ಪರಿಚಯದ ನೇಕಾರರೊಬ್ಬರ ಮನೆಯಲ್ಲಿ ಮಗ್ಗ ನಿಂತುಹೋದ ಕೋಣೆಯೊಂದು ಖಾಲಿ ಇತ್ತು. ಬಾಡಿಗೆ ಇಲ್ಲಿಗಿಂತ ನಲವತ್ತು ರೂಪಾಯಿ ಕಡಿಮೆ. ಎರಡು ಟ್ರ್ಯಾಕ್ಟರ್ ಮಾಡಿ ಬಾಗಿಲುಗಳನ್ನು ಅಲ್ಲಿಗೆ ಕಳಿಸಿದೆ. ಅವು ಸುರಕ್ಷಿತವಾಗಿವೆಯೇ ಎಂದು ತಿಂಗಳಿಗೊಂದು ಭಾನುವಾರ ಬಸ್ಸಿನಲ್ಲಿ ಹೋಗಿ ನೋಡಿ ಬರುತ್ತಿದ್ದೆ. ಆ ಬಸ್ಸಿನ ಖರ್ಚನ್ನು ನಲವತ್ತರಲ್ಲಿ ಕಳೆಯಬೇಕೆಂದು ಗಣಿತದ ಮಾಸ್ತರನಿಗೆ ಯಾಕೋ ಹೊಳೆಯಲಿಲ್ಲ.

ನಾವು ನವನಗರದಲ್ಲಿ ಬಾಡಿಗೆ ಮನೆ ಹಿಡಿದು ಕಟ್ಟಡ ಶುರು ಮಾಡಿದೆವು. ಗೌಂಡಿ ನನ್ನ ಜೊತೆ ಗುಳೇದಗುಡ್ಡಕ್ಕೆ ಬಂದು ಚೌಕಟ್ಟುಗಳಿಗೆ ಟೇಪು ಹಿಡಿದ. ಆಮೇಲೆ ಟೇಪು ಸುತ್ತಿಟ್ಟು ಬೀಡಿ ಹಚ್ಚಿದ.

"ಮಾಸ್ತರ, ಈ ಚೌಕಟ್ಟು ಒಂದೂವರೆ ಫೂಟ ದಪ್ಪ ಅದಾವ್ರಿ. ಒಂಬತ್ತಿಂಚಿನ ಗ್ವಾಡಿಯಾಗ ಕೂಡೂದಿಲ್ಲ."

"ಗ್ವಾಡಿ ದಪ್ಪ ಮಾಡಿದ್ರ?"

"ಕೂಡತಾವ್ರಿ. ಕಲ್ಲು, ಸಿಮೆಂಟು, ಪಾಯಾ ಎಲ್ಲಾ ಎರಡ ಪಟ್ಟು ಆಗತೈತಿ, ಅಷ್ಟ."

"ಬಾಗಿಲಿನ ಖರ್ಚು ಉಳದೈತೆಲ್ಲಾ," ಎಂದೆ ನಾನು.

ಹೀಗೆ ಗೋಡೆ ದಪ್ಪವಾಯಿತು, ಗೋಡೆ ದಪ್ಪವಾಗಿ ಕೋಣೆಗಳು ಕಿರಿದಾದವು. ನಾಲ್ಕು ಕೋಣೆಯ ಮನೆಗೆ ಹನ್ನೊಂದು ಬಾಗಿಲು ಹೆಚ್ಚೆಂದು ಗೌಂಡಿ ಹೇಳಿದ್ದಕ್ಕೆ, ಒಂದು ಉಗ್ರಾಣ ಮತ್ತು ಹಿತ್ತಲ ಕಡೆಗೆ ಒಂದು ಪಡಸಾಲೆ ಸೇರಿಸಲು ಹೇಳಿದೆ. ನನ್ನ ಹೆಂಡತಿ ನಕ್ಷೆ ನೋಡಿ ಕೇಳಿದಳು:

"ಏನ್ರಿ, ಮನಿಗೆ ಬಾಗಲಾ ಹಚ್ಚಾಕತ್ತೀರೋ, ಬಾಗಲಕ್ಕ ಮನಿ ಕಟ್ಟಾಕತ್ತೀರೋ?"

"ನಿನಗ ಉಳಿತಾಯ ತಿಳಿಯೂದಿಲ್ಲ," ಎಂದೆ. ಅವಳು ನಕ್ಷೆ ಮಡಚಿ ನನ್ನ ಕೈಗಿಟ್ಟು ಒಳಗೆ ಹೋದಳು.

ಪರಿಹಾರದ ಹಣ ಗೋಡೆಗಳು ಬಾಗಿಲಿನ ಎತ್ತರಕ್ಕೆ ಬರುವಷ್ಟರಲ್ಲಿ ಮುಗಿಯಿತು. ಕೆಲಸ ನಿಂತಿತು. ಅಷ್ಟು ಹೊತ್ತಿಗೆ ಚಿತ್ರಕಲಾ ಮಾಸ್ತರ ಎರಡು ಕೋಣೆಯ ಸಣ್ಣ ಮನೆ ಕಟ್ಟಿ, ತಯಾರು ಬಾಗಿಲು ಕೂರಿಸಿ, ಸಂಸಾರ ಹೂಡಿ ವರ್ಷವಾಗಿತ್ತು. ಉಳಿದ ಹಣವನ್ನು ಬ್ಯಾಂಕಿನಲ್ಲಿಟ್ಟಿದ್ದ. ಅದರ ಬಡ್ಡಿಯಲ್ಲೇ ಚಹಾ ಕುಡಿಯುತ್ತೇನೆ ಎಂದು ಸಹಜವಾಗಿ ಹೇಳಿದ. ನಾನು ಆಗಲೂ ಅವನ ಚಹಾವನ್ನೇ ಕುಡಿಯುತ್ತಿದ್ದೆ, ಈಗ ಸ್ವಲ್ಪ ಬೇಗ ಬೇಗ.

ಸಂಬಳದಲ್ಲಿ ಬಾಡಿಗೆ ಕಟ್ಟಿ, ಉಳಿದಷ್ಟರಲ್ಲಿ ಗೋಡೆ ಏರಿಸುತ್ತ ಎರಡು ವರ್ಷ ಕಳೆದವು. ಬಸ್ಸಿನ ದರ ಏರಿದ್ದರಿಂದ ಗುಳೇದಗುಡ್ಡಕ್ಕೆ ಹೋಗುವುದನ್ನು ನಿಲ್ಲಿಸಿದ್ದೆ. ಅದೂ ಉಳಿತಾಯವೇ. ಕಡೆಗೆ ಬಾಗಿಲು ತರಲು ಟ್ರ್ಯಾಕ್ಟರ್ ತೆಗೆದುಕೊಂಡು ಹೋದೆ. ಕೋಣೆಯ ಬೀಗ ತೆಗೆದ ನೇಕಾರ ಹಿರಿಯರು ಒಂದು ಬಾಗಿಲಿಗೆ ಬೆರಳು ಒತ್ತಿದರು. ಬೆರಳು ಒಳಗೆ ಹೋಯಿತು.

"ಗೆದ್ದಲ ಹತ್ತೈತ್ರಿ," ಎಂದರು ಮೆತ್ತಗೆ. "ಮಳಿಗಾಲದಾಗ ಗ್ವಾಡಿ ಹಸಿ ಆಗಿತ್ತು. ನೀವು ಬರ್ತೀರಂತ ಕಾದ್ವಿ."

ಆರು ಬಾಗಿಲು ಹೋಗಿದ್ದವು. ಉಳಿದ ಐದನ್ನು ಟ್ರ್ಯಾಕ್ಟರಿಗೆ ಹೇರಿಸಿದೆ. ಆಗ ಹಣ ನೆನಪಾಗಲಿಲ್ಲ. ಹೆಂಡತಿಗೆ ಹೇಗೆ ಹೇಳಲಿ ಎಂಬ ಒಂದೇ ಯೋಚನೆ. ಹೇಳಿದಾಗ ಅವಳು ಬೈಯಲಿಲ್ಲ. "ಐದು ಸಾಕಲ್ರಿ ನಮಗ," ಎಂದಳು. ಬೈದಿದ್ದರೆ ಹಗುರಾಗುತ್ತಿತ್ತು.

ಗೃಹಪ್ರವೇಶಕ್ಕೆ ಬಂದ ಚಿತ್ರಕಲಾ ಮಾಸ್ತರ ಮುಂಬಾಗಿಲಿಗೆ ಹಣೆ ಬಡಿಸಿಕೊಂಡ. ಹಳೆ ಕಾಲದ ಬಾಗಿಲು, ಬಗ್ಗಿ ಬರಬೇಕು. ಹಣೆ ಉಜ್ಜಿಕೊಳ್ಳುತ್ತ, "ಕೆತ್ತನಿ ಭಾಳ ಚಂದ ಐತ್ರಿ ಸರ," ಎಂದ. ಅವನ ಮಾತಿನಲ್ಲಿ ವ್ಯಂಗ್ಯ ಹುಡುಕಿದೆ. ಸಿಗಲಿಲ್ಲ.

ಅಡುಗೆಮನೆಯಲ್ಲಿ ಮಾತ್ರ ಇನ್ನೂ ಬರೀ ಮಣ್ಣುನೆಲವಿತ್ತು. ಒಂದು ದಿನ ಶಾಲೆಯಿಂದ ಬಂದಾಗ ಬಾಗಿಲ ಮುಂದೆ ಇಳಕಲ್ಲಿನ ಲಾರಿ ನಿಂತಿತ್ತು. ಕೆಂಪು ಗ್ರಾನೈಟಿನ ಹಾಸುಗಲ್ಲುಗಳು ಇಳಿಯುತ್ತಿದ್ದವು. ನನ್ನ ಹೆಂಡತಿ ಓಣಿಯ ಹೆಂಗಸರಿಗೆ ಖಣದ ಕುಪ್ಪಸ ಹೊಲಿದುಕೊಡುತ್ತಿದ್ದಳು. ಅದರಿಂದ ಏನು ಬರುತ್ತದೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

"ಎಷ್ಟಾತು?" ಎಂದೆ.

"ಕೇಳಬ್ಯಾಡ್ರಿ," ಎಂದಳು. "ಕೈಕಾಲು ತೊಳಕೊಂಡು ಬರ್ರಿ, ಚಹಾ ಮಾಡ್ತೇನಿ."

ಲಾರಿಯ ತಳದಲ್ಲಿ ಒಡೆದ ಕಲ್ಲಿನ ತುಂಡುಗಳು ಉಳಿದಿದ್ದವು. ಇವನ್ನು ಎಲ್ಲಿ ಚೆಲ್ಲಲಿ ಎಂದು ಡ್ರೈವರ್ ಕೇಳಿದ. ಹೆಂಡತಿ ಒಳಗೆ ಹೋದದ್ದನ್ನು ಖಾತ್ರಿ ಮಾಡಿಕೊಂಡು, ಹಿತ್ತಲಲ್ಲಿ ಇಳಿಸು ಎಂದು ಕಣ್ಸನ್ನೆ ಮಾಡಿದೆ.