ಇನ್ನೊಮ್ಮೆ ಅಕ್ಕ ಮೇಲೆ ಕಳಿಸದ ಚಿಮಟ

ತಲೆ ಕೊಯ್ಸಿಕೊಂಡವನ ನೆನಪು ನಂಬಬಾರದು ಎಂದು ಗುಸುಗುಸು ಮಾಡುವವರೇ, ಬಾಯಿ ಮುಚ್ಚಿಕೊಂಡು ಕೇಳಿ. ಡಾಕ್ಟರು ಕ್ಲಿಪ್ ಹಾಕಿದ್ದು ನನ್ನ ಮೆದುಳಿನ ರಕ್ತನಾಳಕ್ಕೆ, ನೆನಪಿಗಲ್ಲ. ಮೊನ್ನೆ ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದೇನೆ.

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಒಬ್ಬ ಹೆಂಗಸು ಕಣ್ಣು ಮುಚ್ಚಿ ಕೂತಿದ್ದಾಳೆ. ನಿದ್ದೆಯಲ್ಲ. ಕೈಯಲ್ಲಿ ಉದ್ದ ಮೂತಿಯ ಚಿಮಟ. ಒತ್ತುತ್ತಾಳೆ, ಬಿಡುತ್ತಾಳೆ, ಇಪ್ಪತ್ತು ಸಲ. ಆಮೇಲೆ, "ಇನ್ನೊಮ್ಮೆ" ಎನ್ನುತ್ತಾಳೆ. ಅದಕ್ಕೇ ಇಡೀ ಆಸ್ಪತ್ರೆಗೆ ಆಕೆ ಇನ್ನೊಮ್ಮೆ ಅಕ್ಕ.

ಆಪರೇಷನ್ನಿಗೆ ಬಳಸಿದ ಉಪಕರಣಗಳನ್ನು ತೊಳೆದು, ಪರೀಕ್ಷಿಸಿ, ಹಬೆಯ ಪೆಟ್ಟಿಗೆಗೆ ಹಾಕುವುದು ಆಕೆಯ ಕೆಲಸ. ಹತ್ತೊಂಬತ್ತು ವರ್ಷದಿಂದ, ದಿನಕ್ಕೆ ನಾನೂರು. ಬಿಸಿನೀರಿಗೆ ಬೆರಳ ತುದಿ ಸವೆದು ಹಾಜರಿ ಯಂತ್ರ ಆಕೆಯ ಹೆಬ್ಬೆಟ್ಟನ್ನೇ ಒಪ್ಪುವುದಿಲ್ಲ. "ಅದಕ್ಕೆ ನಾನ್ಯಾರು ಅಂತಾನೇ ಗೊತ್ತಿಲ್ಲ" ಎಂದು ನಗುತ್ತಾಳೆ.

ನನಗೂ ಗೊತ್ತಿರಲಿಲ್ಲ. ಹೋದ ವರ್ಷ ನನ್ನ ತಲೆಯೊಳಗೆ ರಕ್ತನಾಳವೊಂದು ಕಡಲೆಕಾಳಿನಷ್ಟು ಉಬ್ಬಿ, ಯಾವ ಗಳಿಗೆಯಲ್ಲಾದರೂ ಒಡೆಯುವ ಹಾಗಿತ್ತು. ಒಂಬತ್ತಕ್ಕೆ ಆಪರೇಷನ್ ಎಂದವರು ಹನ್ನೊಂದಾದರೂ ಕರೆಯಲಿಲ್ಲ. ಬೋಳು ತಲೆ, ಖಾಲಿ ಹೊಟ್ಟೆ. ಬಾಯಿಗೆ ಬಂದಂತೆ ಬೈದೆ. "ರೀ, ಕೂಗಾಡಿ ನೀವೇ ಅದನ್ನ ಒಡಕೋಬೇಡಿ" ಎಂದಳು ಹೆಂಡತಿ.

ತಡವಾದದ್ದು ಕೆಳಗಿನ ಅಕ್ಕನಿಂದ ಎಂದು ಆಮೇಲೆ ನರ್ಸ್ ಹೇಳಿದಳು. ಹೊಲಿಗೆ ಬಿಚ್ಚಿದ ದಿನವೇ ಜಗಳಕ್ಕೆಂದು ಇಳಿದುಹೋದೆ.

"ನನ್ನ ಎರಡು ಗಂಟೆ ಕಾಯಿಸಿದೋಳು ನೀನೇನಮ್ಮ?"

ಆಕೆ ರಿಪೇರಿ ಡಬ್ಬಿಯಿಂದ ಒಂದು ಚಿಮಟ ತೆಗೆದು ನನ್ನ ಕೈಗಿಟ್ಟಳು. "ಒತ್ತಿ ಬಿಡಿ, ಯಜಮಾನ್ರೇ."

ಒತ್ತಿ ಬಿಟ್ಟೆ. ಏನೂ ತಿಳಿಯಲಿಲ್ಲ.

"ಬಿಡೋವಾಗ ಕೂದಲೆಳೆಯಷ್ಟು ಹಿಡಿಯುತ್ತೆ. ಕ್ಲಿಪ್ ಹಾಕೋದು ಇದರಿಂದಾನೇ. ಹಾಕಿದ ಮೇಲೆ ಇದು ಬಿಡದೇ ಹೋದ್ರೆ ಡಾಕ್ಟ್ರು ಎಳೀಬೇಕು. ಎಳೆದ್ರೆ ನಾಳ ಹರಿಯುತ್ತೆ. ಅದಕ್ಕೇ ಆವತ್ತು ಇದನ್ನ ಮೇಲೆ ಕಳಿಸಲಿಲ್ಲ, ಬೇರೇದನ್ನ ತೊಳೆದು ಹಬೆಗೆ ಹಾಕಿದೆ. ಫೋನಲ್ಲಿ ಡಾಕ್ಟ್ರೂ ಬೈದ್ರು. ಬೈಲಿ ಬಿಡಿ, ಬೈಸ್ಕೊಂಡು ಯಾರೂ ಸತ್ತಿಲ್ಲ."

ಚಿಮಟವನ್ನು ಮೆಲ್ಲಗೆ ಆಕೆಯ ಕೈಗೆ ವಾಪಸಿಟ್ಟೆ. "ಬದುಕಿದ್ದೀನಮ್ಮ" ಎಂದೆ, ಅಷ್ಟೇ.

ಆಕೆ ಗ್ಲೌಸ್ ಕಳಚಿ ನನ್ನ ತಲೆಯ ಗಾಯವನ್ನು ಬಹಳ ಹೊತ್ತು ನೋಡಿದಳು. "ಮೇಲಿಂದ ಸಾಮಾನು ಬರುತ್ತೆ, ಜನ ಬರಲ್ಲ. ಯಾರು ಏನಾದ್ರೋ ನನಗೆ ತಿಳಿಯೋದೇ ಇಲ್ಲ. ಇಷ್ಟು ವರ್ಷಕ್ಕೆ ನೀವೇ ಮೊದಲು."

ಮೊನ್ನೆ ಬೆಳಿಗ್ಗೆ ಮತ್ತೆ ಹೋದಾಗ, ನಿನಗೇನು ಬೇಕಮ್ಮ ಎಂದು ಕೇಳಿದೆ. "ನಿಮ್ಮ ಥರ ಇನ್ನೊಬ್ರು ಬಂದ್ರೆ ಸಾಕು" ಎಂದಳು.

ಆದ್ದರಿಂದ ಇದನ್ನು ನಾಲ್ಕು ಜನಕ್ಕೆ ಕಳಿಸಿ. ತಲೆಯಲ್ಲಿ ಕ್ಲಿಪ್ ಇರುವವರು ಯಾರಾದರೂ ಕೇಳಿಸಿಕೊಂಡರೆ ಮೆಟ್ಟಿಲಿಳಿದು ಹೋಗಿ. ಎಡಗಡೆ, ಕೊನೆಯ ಬಾಗಿಲು. ಬದುಕಿದ್ದೀನಿ ಎಂದು ಹೇಳಿ. ನೀರಿನ ಸದ್ದಿಗೆ ಕೇಳಿಸದಿದ್ದರೆ, ಇನ್ನೊಮ್ಮೆ ಹೇಳಿ.