ಎಂಜಿನ್ ಶೆಡ್ಡಿನ ಬೂದಿ

ಆ ಹಳೆಯ ಫೋಟೋಗಳಲ್ಲೆಲ್ಲ ನಾನು ಸೆರಗಿನಿಂದ ಮೂಗು ಬಾಯಿ ಮುಚ್ಚಿಕೊಂಡು ಗೋಡೆಯ ಪಕ್ಕ ನಿಂತಿದ್ದೇನೆ. ನೀವು ನೋಡಿ ನಕ್ಕಿರಿ. "ಅಜ್ಜಿ ಎಷ್ಟು ನಾಚ್ಕೊಂಡಿದಾರೆ ನೋಡು" ಎಂದಿರಿ. ನಾಚಿಕೆ ನನಗೆ ಆಗಲೂ ಇತ್ತು, ಈಗಲೂ ಇದೆ. ಅದಕ್ಕೇ ಬಾಯಲ್ಲಿ ಹೇಳದೆ ಬರೆಯುತ್ತಿದ್ದೇನೆ. ಆದರೆ ಆ ಸೆರಗು ನಾತ ತಡೆಯಲಾರದೆ ಹಿಡಿದದ್ದು.

ನಿಮ್ಮ ತಾತ ಮಾಡಿದ ರೈಲಿನ ಹಲಗೆಯನ್ನು ಅಟ್ಟದಿಂದ ಇಳಿಸಿ ನಡುಮನೆಯಲ್ಲಿ ಇಡಬೇಕು, ಅದರ ಮೇಲಿನ ಪುಟ್ಟ ಎಂಜಿನ್ ಶೆಡ್ಡಿನ ಗೋಡೆಯ ಬುಡದಲ್ಲಿರುವ ಕಂದು ಕಲೆಗೆ ಬಣ್ಣ ಹಚ್ಚಬೇಕು ಎಂದು ನೀವೆಲ್ಲ ಮಾತಾಡಿಕೊಂಡಿದ್ದು ನನ್ನ ಕಿವಿಗೆ ಬಿತ್ತು. ಹಚ್ಚುವ ಮೊದಲು ಇದನ್ನು ಓದಿ.

ತೊಂಬತ್ತರ ದಶಕದ ಆರಂಭ. ನಾವು ತಿರುವನಂತಪುರದಲ್ಲಿ ಕ್ವಾರ್ಟರ್ಸಿನಲ್ಲಿದ್ದೆವು. ತಾತನಿಗೆ ಕೇಂದ್ರ ಸರ್ಕಾರದ ಸಂಸ್ಥೆಯೊಂದರಲ್ಲಿ ಕೆಲಸ. ಆಫೀಸಿನಿಂದ ಬಂದರೆ ಅವರಿಗೆ ರೈಲು ಬಿಟ್ಟು ಬೇರೆ ಲೋಕವಿಲ್ಲ. ತಗಡು, ಬೆಂಕಿಕಡ್ಡಿ, ಹಳೆಯ ಗಡಿಯಾರದ ಚಕ್ರ ಎಲ್ಲ ಸೇರಿಸಿ ಬೊಗಸೆಯಲ್ಲಿ ಹಿಡಿಯುವಂಥ ಉಗಿ ಎಂಜಿನ್ನುಗಳನ್ನು ಮಾಡುತ್ತಿದ್ದರು. ಅವುಗಳಿಗೊಂದು ಮನೆ ಬೇಕಲ್ಲ? ಕೊಚ್ಚಿಯಲ್ಲಿ ಹಳೆಯ ಎಂಜಿನ್ ಶೆಡ್ ಒಂದನ್ನು ಕೆಡವುತ್ತಾರಂತೆ ಎಂದು ಯಾರೋ ಹೇಳಿದರು. ಉಗಿ ಎಂಜಿನ್ನುಗಳು ಆಗಲೇ ಅಲ್ಲಿಂದ ಹೋಗಿದ್ದವು, ಗೋಡೆ ಮಾಡು ಮಾತ್ರ ಉಳಿದಿದ್ದವು. ಅವು ಬೀಳುವುದರೊಳಗೆ ಅಳತೆ ತೆಗೆದು, ಅದೇ ಶೆಡ್ಡನ್ನು ಹಲಗೆಯ ಮೇಲೆ ಕಟ್ಟಿ, ನವರಾತ್ರಿಗೆ ನನ್ನ ಗೊಂಬೆಗಳ ಮುಂದೆ ಇಡಬೇಕು ಎಂದು ಅವರ ಆಸೆ. ನಾನು ಆಗಲಿ ಎಂದೆ. ಶೆಡ್ಡನ್ನು ಇನ್ನೂ ನೋಡಿರಲಿಲ್ಲ.

ಅಳತೆಯ ಟೇಪಿಗೆ ಎರಡು ತುದಿ. ಇನ್ನೊಂದು ತುದಿ ಹಿಡಿಯಲು ಅವರ ಆಫೀಸಿನವರು ಯಾರೂ ಬರಲಿಲ್ಲ. ಬೆಳಗಿನ ಗಾಡಿಗೆ ತಂಪಾನೂರು ಸ್ಟೇಷನ್ನಿನಿಂದ ಅವರ ಜೊತೆ ನಾನೇ ಹೊರಟೆ. ಬುತ್ತಿಗೆ ಚಿತ್ರಾನ್ನ ಕಟ್ಟಿಕೊಂಡಿದ್ದೆ. ಅದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ಆ ದಿನ ಅದನ್ನು ತಿನ್ನಲಾಗದೆ ಹಾಗೆಯೇ ವಾಪಸ್ಸು ತಂದೆ.

ಹಸು ಎಮ್ಮೆ ಕಟ್ಟಿದ ಮನೆಯಲ್ಲಿ ಬೆಳೆದವಳು ನಾನು. ಸಗಣಿಗೆ ಅಸಹ್ಯಪಟ್ಟುಕೊಂಡವಳಲ್ಲ. ಆದರೆ ಆ ಶೆಡ್ ಬೇರೆಯೇ. ನೆಲವೆಲ್ಲ ಕಪ್ಪು ಜಿಡ್ಡು, ಕಾಲಿಟ್ಟರೆ ಚಪ್ಪಲಿ ಕಚ್ಚಿಕೊಂಡು ಪಚಕ್ಕೆಂದು ಏಳುತ್ತಿತ್ತು. ಗೋಡೆಯ ಮೂಲೆಮೂಲೆಗೂ ವೀಳ್ಯದೆಲೆಯ ಉಗುಳು, ಹಳೆಯದರ ಮೇಲೆ ಹೊಸದು. ಎಂಜಿನ್ನಿನ ಹೊಟ್ಟೆಯಿಂದ ಕೆಂಡ ಬೂದಿ ಕೆರೆದು ಬೀಳಿಸುತ್ತಿದ್ದ ಉದ್ದನೆಯ ಬೂದಿಗುಂಡಿಯಂತೂ ಎಂಜಿನ್ನು ಹೋದ ಮೇಲೆ ಸುತ್ತಲಿನವರಿಗೆಲ್ಲ ಕಕ್ಕಸಾಗಿತ್ತು. ಒಂದು ತುದಿಯಲ್ಲಿ ಹೊಟ್ಟೆ ಉಬ್ಬಿದ ಹೆಗ್ಗಣ ಅಂಗಾತ ಬಿದ್ದಿತ್ತು. ಅದರ ಮೇಲಿದ್ದ ನೊಣಗಳೇ ಬಂದು ನನ್ನ ತುಟಿಯ ಮೇಲೆ ಕೂತವು. ನಾನು ನೋಡುತ್ತಿದ್ದಂತೆಯೇ ಒಬ್ಬ ಬಂದು, ಹೆಂಗಸೊಬ್ಬಳು ನಿಂತಿದ್ದಾಳೆ ಎನ್ನುವ ಪರಿವೆಯೂ ಇಲ್ಲದೆ, ಪಕ್ಕದ ಗೋಡೆಗೆ ಮುಖಮಾಡಿ ನಿಂತ. ಅದು ಹರಿದು ಗುಂಡಿಗೆ ಇಳಿಯಿತು.

"ಚೇಚೀ, ಅಂಗೋಟ್ಟು ಪೋಂಡಾ" ಎಂದು ಕಾವಲಿನ ಮುದುಕ ಕೂಗಿದ. ಅಕ್ಕಾ, ಆ ಕಡೆ ಹೋಗಬೇಡಿ ಎಂದು. ಅವನಿಗಾದರೂ ತಿಳಿದಿತ್ತು. ನಿಮ್ಮ ತಾತನಿಗೆ ತಿಳಿಯಲಿಲ್ಲ.

"ಸ್ವಲ್ಪ ಗೋಡೆಗೆ ಒತ್ತಿ ನಿಲ್ಲೇ."

"ಇದಕ್ಕೆ ಒತ್ತಿ ನಿಲ್ಲಬೇಕೇ? ನೀವೇ ನಿಂತ್ಕೊಳ್ಳಿ."

"ನಾನು ನಿಂತರೆ ಕ್ಯಾಮೆರಾ ಯಾರು ಹಿಡೀತಾರೆ? ನಿನ್ನ ಎತ್ತರ ನನಗೆ ಗೊತ್ತು ಕಣೇ. ನೀನು ಪಕ್ಕದಲ್ಲಿದ್ರೆ ಬಾಗಿಲು ಎಷ್ಟು, ಕಿಟಕಿ ಎಷ್ಟು ಅಂತ ಫೋಟೋದಿಂದಲೇ ಲೆಕ್ಕ ಸಿಗುತ್ತೆ."

ಹೀಗೆ ನಾನು ಅವರ ಅಳತೆಗೋಲಾದೆ. ಪ್ರತಿ ಬಾಗಿಲಿಗೂ ಪ್ರತಿ ಕಂಬಕ್ಕೂ ನನ್ನನ್ನು ನಿಲ್ಲಿಸಿದರು. ಸೀರೆಯ ನೆರಿಗೆ ಎತ್ತಿ ಹಿಡಿದರೆ ಮೂಗು ಬಿಡಬೇಕು, ಮೂಗು ಮುಚ್ಚಿದರೆ ನೆರಿಗೆ ಬಿಡಬೇಕು. ನಾನು ಮೂಗು ಮುಚ್ಚಿದೆ. ಮನೆಗೆ ಬಂದು ಆ ಸೀರೆಯನ್ನು ಬಕೆಟ್ಟಿನಲ್ಲಿ ನೆನೆಹಾಕಿದೆ, ಆಮೇಲೆ ಅದನ್ನು ಉಡಲು ಮನಸ್ಸಾಗಲಿಲ್ಲ.

ಬರುವಾಗ ಅವರು ಕೈಚೀಲದ ತುಂಬ ಆ ಗುಂಡಿಯ ಬೂದಿ ತುಂಬಿಕೊಂಡಿದ್ದರು. ಹಲಗೆಯ ಮೇಲೆ ಶೆಡ್ಡಿನ ನೆಲ ಮಾಡಲು ಶೆಡ್ಡಿನದೇ ಬೂದಿ ಬೇಕಂತೆ. ಬಣ್ಣ ಹಚ್ಚಿದ ಮರಳು ಸುಳ್ಳಾಗುತ್ತದಂತೆ. ಚೀಲವನ್ನು ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು, ಪ್ರಸಾದ ತರುವವರ ಹಾಗೆ. ನಾನು ಎದುರಿನ ಸೀಟಿಗೆ ಹೋಗಿ ಕೂತೆ.

"ಅದು ಮನೆ ಒಳಗೆ ಬರಕೂಡದು" ಎಂದೆ.

"ಹಿತ್ತಲಲ್ಲಿ ಇಡ್ತೀನಿ ಬಿಡೇ."

ಹಿತ್ತಲಲ್ಲೇನೋ ಇಟ್ಟರು. ಆದರೆ ಒಣಗಿಸಿ, ನಾನು ಚಾಲೈ ಪೇಟೆಯಲ್ಲಿ ಆರಿಸಿ ತಂದಿದ್ದ ಹಿಟ್ಟಿನ ಜರಡಿಯಲ್ಲಿ ಜರಡಿ ಹಿಡಿದರು! ಜರಡಿ ಆ ಕ್ಷಣಕ್ಕೇ ಅವರ ಪಾಲಾಯಿತು. ಹಿಟ್ಟಿನಂತಾದ ಬೂದಿಯನ್ನು ಮುಚ್ಚಳದ ಡಬ್ಬಕ್ಕೆ ತುಂಬಿ ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ಸೂರಿನಡಿ ಇಟ್ಟರು. ಸ್ವಲ್ಪ ದಿನದಲ್ಲೇ ಶೆಡ್ ಕೆಡವಿ ನೆಲ ಸಮಮಾಡಿದರೆಂದು ಸುದ್ದಿ ಬಂತು. ಇನ್ನು ಆ ಬೂದಿ ಎಲ್ಲಿಯೂ ಇಲ್ಲ, ಆ ಡಬ್ಬದಲ್ಲಿ ಮಾತ್ರ. ಹಬ್ಬದ ಹೊತ್ತಿಗೆ ಹಲಗೆಯ ಮೇಲೆ ಗೋಡೆ, ಕಂಬ, ಮಾಡು ಎಲ್ಲ ಎದ್ದಿದ್ದವು, ನೆಲ ಮಾತ್ರ ಬಾಕಿ.

ನವರಾತ್ರಿಗೆ ಮೈಸೂರಿನಿಂದ ಅತ್ತೆ ಬಂದರು. ಬಹಳ ಮಡಿಯ ಹೆಂಗಸು. ದೇವರ ಪಾತ್ರೆಗೆ ಸೋಪಿನ ಪುಡಿ ಮುಟ್ಟಿಸುವವರಲ್ಲ, ಅದರಲ್ಲಿ ಕೊಬ್ಬು ಇರುತ್ತದೆಂದು. ಹುಣಸೆಹಣ್ಣು ಮತ್ತು ಒಲೆಯ ಬೂದಿಯೇ ಆಗಬೇಕು. ಗ್ಯಾಸಿನ ಮನೆಯಲ್ಲಿ ಬೂದಿ ಎಲ್ಲಿಂದ ಬರಬೇಕು? ಹಬ್ಬದ ಹಿಂದಿನ ದಿನ ನಾನು ಒಳಗೆ ಗೊಂಬೆಗಳನ್ನು ಒರೆಸುತ್ತಿದ್ದೆ. ಹಿತ್ತಲಿನಿಂದ ಅತ್ತೆಯ ಸ್ವರ ಸಂತೋಷದಿಂದ ಬಂತು. "ಅಂತೂ ನಿನಗೂ ಬುದ್ಧಿ ಬಂತಲ್ಲಮ್ಮ! ಎಷ್ಟು ನುಣ್ಣಗೆ ಜರಡಿ ಹಿಡಿದು ಇಟ್ಟಿದ್ದೀಯಾ!"

ಓಡಿಹೋಗಿ ನೋಡಿದೆ. ದೀಪದ ಕಂಬ, ಪಂಚಪಾತ್ರೆ, ಗಂಟೆ, ಆರತಿ ತಟ್ಟೆ ಎಲ್ಲ ಬೆಳಗಿ ಸಾಲಾಗಿ ಬೋರಲು ಹಾಕಿದ್ದರು. ಚಿನ್ನದ ಹಾಗೆ ಹೊಳೆಯುತ್ತಿದ್ದವು. ಡಬ್ಬ ಖಾಲಿ. ಅತ್ತೆಯ ಮೊಣಕೈವರೆಗೂ ಅದೇ ಬೂದಿ. ನನಗೆ ಕಂಡದ್ದು ಹೊಟ್ಟೆ ಉಬ್ಬಿದ ಆ ಹೆಗ್ಗಣ.

ಅಷ್ಟರಲ್ಲಿ ನಿಮ್ಮ ತಾತ ಆಫೀಸಿನಿಂದ ಬಂದರು. ಖಾಲಿ ಡಬ್ಬ ನೋಡಿ, ಮೆಟ್ಟಿಲ ಮೇಲೆ ಕುಸಿದು ಕೂತರು.

"ಅಮ್ಮಾ, ಅದು ಎಂಜಿನ್ ಬೂದಿ ಕಣಮ್ಮ. ಇನ್ನು ಸಿಗಲ್ಲ."

"ಎಂಜಿನ್ನಿನದಾದರೇನೋ, ಒಲೆಯದಾದರೇನೋ? ಬೆಂಕೀಲಿ ಬೆಂದದ್ದಕ್ಕೆ ಮೈಲಿಗೆ ಇಲ್ಲ. ಒಂದು ಹಿಡಿ ಬೂದಿಗೆ ಇಷ್ಟೊಂದು ಮುಖ ಮಾಡ್ತೀಯಲ್ಲ!"

ಅತ್ತೆ ಆರತಿ ತಟ್ಟೆ ಎತ್ತಿಕೊಂಡು ದೇವರ ಮನೆಯ ಕಡೆ ಹೊರಟರು. ನಾನು ಅಡ್ಡ ನಿಂತೆ. ಅತ್ತೆಯ ಎದುರು ಒಂದು ಮಾತು ಎತ್ತಿ ಆಡಿದವಳಲ್ಲ ನಾನು. ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರು ಪದ್ಯ ಹೇಳು ಎಂದರೆ ಹೆಬ್ಬೆರಳು ನೋಡುತ್ತಾ ನಿಂತವಳು.

"ಅತ್ತೆ, ಅದು ಬೆಂದ ಮೇಲೆ ಅದರ ಮೇಲೆ ಜನ ಉಚ್ಚೆ ಹೊಯ್ತಿದ್ರು. ಕೂತ್ಕೊಳ್ತಲೂ ಇದ್ರು. ಒಬ್ಬ ನನ್ನೆದುರೇ ಗೋಡೆಗೆ ನಿಂತಿದ್ದ, ನಾನೇ ನೋಡಿದೀನಿ."

ತಟ್ಟೆ ನೆಲಕ್ಕೆ ಬಿತ್ತು. ಅತ್ತೆ ತಮ್ಮ ಎರಡು ಕೈಗಳನ್ನೂ ಮೈಯಿಂದ ದೂರ ಚಾಚಿ ಹಿಡಿದು, ಮಗನನ್ನು ನೋಡಿದರು. "ಥೂ! ಇಂಥದನ್ನ ಮನೆಗೆ ತಂದ್ಯೇನೋ? ನಿನ್ನ ಓದಿಗಿಷ್ಟು ಬೆಂಕಿ ಹಾಕ!" ಎಂದು ನೇರ ಬಚ್ಚಲಿಗೆ ನಡೆದರು. ತಲೆಗೆ ನೀರು ಸುರಿದುಕೊಳ್ಳುವ ಶಬ್ದ ನಿಲ್ಲಲೇ ಇಲ್ಲ. ಅಂದು ಅವರು ಊಟ ಮಾಡಲಿಲ್ಲ. ನಾನು ಪಾತ್ರೆಗಳನ್ನೆಲ್ಲ ಕುದಿನೀರಿಗೆ ಹಾಕಿ, ಹುಣಸೆಹಣ್ಣಿನಲ್ಲಿ ಮತ್ತೆ ಮತ್ತೆ ಉಜ್ಜಿದೆ. ಉಜ್ಜಿದಷ್ಟೂ ನನ್ನ ಬೆರಳುಗಳೇ ನನಗೆ ಹೇಸಿಗೆಯಾದವು.

ಸಂಜೆ ನೋಡಿದರೆ ನಿಮ್ಮ ತಾತ ತೊಳೆಯುವ ಕಲ್ಲಿನ ಮೋರಿಯ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದರು. ನೀರು ಇಂಗಿ ತಳದಲ್ಲಿ ನಿಂತಿದ್ದ ಬೂದಿಯನ್ನು ಚಮಚದಿಂದ ಕೆರೆದು ಪೇಪರಿನ ಮೇಲೆ ಹರಡುತ್ತಿದ್ದರು. ಅದರಲ್ಲಿ ಹುಣಸೆ ನಾರು, ಅನ್ನದ ಅಗುಳು ಎಲ್ಲ ಇತ್ತು. ಆರಿಸಿ ಆರಿಸಿ ತೆಗೆಯುತ್ತಿದ್ದರು. ಛೀ, ಯಾವ ಜನ್ಮದ ಹುಚ್ಚೋ ಎನಿಸಿತು.

ಅವರು ತಲೆ ಎತ್ತದೆ ಕೇಳಿದರು. "ಅವನು ಎಲ್ಲಿ ನಿಂತಿದ್ದ ಅಂದೆ?"

"ಯಾರು?"

"ಅದೇ, ಗೋಡೆಗೆ."

"ನೀವು ನೋಡಲಿಲ್ವೇ?"

"ನಾನು ಮಾಡಿನ ತೊಲೆ ನೋಡ್ತಾ ಇದ್ದೆ ಕಣೇ."

ಬೂದಿ ಒಣಗಿತು, ಅಂಟು ಹಚ್ಚಿದ ಹಲಗೆಯ ಮೇಲೆ ಉದುರಿತು. ನಾನು ಹಲಗೆಯನ್ನು ಮುಟ್ಟಲಿಲ್ಲ. ಪೊರಕೆಯ ಕಡ್ಡಿಯೊಂದನ್ನು ಮುರಿದುಕೊಂಡು, ದೂರದಿಂದಲೇ ತೋರಿಸಿದೆ. "ಇಲ್ಲಿ. ಮೂರನೇ ಕಂಬದ ಪಕ್ಕ. ಹೀಗೆ ಹರಿದು ಗುಂಡಿಗೆ ಇಳೀತು." ಅವರು ಕಾಫಿ ಡಿಕಾಕ್ಷನ್ನಿನಲ್ಲಿ ಕುಂಚ ಅದ್ದಿ, ನನ್ನ ಕಡ್ಡಿಯ ಹಿಂದೆಯೇ ಗೆರೆ ಎಳೆದರು. "ಇನ್ನೂ ಅಗಲ" ಎಂದೆ. ಅಗಲ ಮಾಡಿದರು.

ಮರುದಿನ ಅತ್ತೆ ತೀರ್ಪು ಕೊಟ್ಟರು. "ಜಗಲೀಲಿ ಇಟ್ಟುಕೊಳ್ಳಲಿ. ಹೊಸಿಲು ದಾಟಕೂಡದು." ನನಗೂ ಅದೇ ಸರಿಯೆನಿಸಿತು. ಪಟ್ಟದ ಗೊಂಬೆಗಳು ಒಳಗೆ, ಶೆಡ್ ಹೊರಗೆ. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರೆಲ್ಲ ಹೊರಗೇ ನಿಂತು, ಎಷ್ಟು ಮುದ್ದಾಗಿದೆ ಎಂದು ಬಗ್ಗಿ ಬಗ್ಗಿ ನೋಡಿದರು. ತಾತ ಅಲ್ಲೇ ಸ್ಟೂಲಿನ ಮೇಲೆ ಕೂತು ಎಲ್ಲರಿಗೂ ವಿವರ ಹೇಳಿದರು. ಕಲೆಯ ವಿವರ ಮಾತ್ರ ಹೇಳಲಿಲ್ಲ. ನನ್ನ ಮುಖ ನೋಡಿ ಮುಂದಿನ ಕಂಬಕ್ಕೆ ಹೋಗುತ್ತಿದ್ದರು.

ಈಗ ಅವರಿಲ್ಲ. ಆ ಶೆಡ್ಡೂ ಇಲ್ಲ. ನೀವು ಹಲಗೆಯನ್ನು ಚೆನ್ನಾಗಿ ಇಟ್ಟುಕೊಳ್ಳಿ, ಬೇಡವೆನ್ನುವುದಿಲ್ಲ. ಆದರೆ ಕಲೆಗೆ ಬಣ್ಣ ಹಚ್ಚಬೇಡಿ. ಆ ಹಲಗೆಯಲ್ಲಿ ನಾನು ಹೇಳಿ ಮಾಡಿಸಿದ್ದು ಅದೊಂದೇ, ಮತ್ತು ಅದು ಸರಿಯಾದ ಜಾಗದಲ್ಲೇ ಇದೆ. ಇಡುವುದು ಬಾಲ್ಕನಿಯಲ್ಲಿ. ಮುಟ್ಟಿದ ಮೇಲೆ ಕೈ ತೊಳೆದುಕೊಂಡು ಒಳಗೆ ಬನ್ನಿ.